ತೊಡೆ ಮೇಲೆ ಕೂತ ಮಗು ಕಾರಿನಲ್ಲಿ ಸುರಕ್ಷಿತವಾ?

"ಅಮ್ಮ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕಲ್ವಾ?" ಅಂತ ಕೇಳಿದ್ದೀರಿ. ಸಾಲದು.

ಗಂಟೆಗೆ 50 ಕಿ.ಮೀ. ವೇಗದ ಕಾರು ಎಲ್ಲಾದರೂ ಗುದ್ದಿ ನಿಂತರೂ ಒಳಗಿನ ಮಗು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ಅಡಿಕೆ ಮರದ ತಲೆಯಿಂದ ಬಿದ್ದ ಹಾಗೆ ಅಂದುಕೊಳ್ಳಿ. ಆಗ 10 ಕೆ.ಜಿ. ಕೂಸನ್ನು ಯಾರ ತೋಳೂ ಹಿಡಿಯಲಾರದು. ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತಿದರೆ ಇನ್ನೂ ಕೆಟ್ಟದ್ದು: ಅಮ್ಮನ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಮೊನ್ನೆ ಶಿರಸಿಯಿಂದ ಕುಮಟಾಕ್ಕೆ ಬರುತ್ತಿದ್ದೆವು. ದೇವಿಮನೆ ಘಟ್ಟದಲ್ಲಿ ಮುಂದಿನ ಕಾರಿನ ಹಿಂದಿನ ಗಾಜಿಗೆ ಎರಡೂ ಕೈ ಒತ್ತಿಕೊಂಡು ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ನಮಗೆ ಟಾಟಾ ಬೇರೆ. ತಿರುವು ಬಂದಾಗ ಪಕ್ಕಕ್ಕೆ ವಾಲಿ ಕಾಣೆಯಾಗುತ್ತಿದ್ದಳು, ಮತ್ತೆ ನಗುತ್ತಾ ಏಳುತ್ತಿದ್ದಳು. ನಮಗೋ ಎದೆ ಡವಡವ. ಕೆಳಗೆ ಚಹಾ ಅಂಗಡಿಯಲ್ಲಿ ಸಿಕ್ಕಾಗ ಅವಳ ಅಪ್ಪನಿಗೆ ಹೇಳಿದೆ. "ಇಲ್ಲೇ ಕುಮಟಾಕ್ಕೆ ಮಾರಾಯ್ರೇ" ಅಂದರು. ಘಟ್ಟ ಇಳಿದದ್ದು ಲೆಕ್ಕಕ್ಕೇ ಇಲ್ಲ!

ಕಾನೂನೂ ಇದೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ, 2019ರ ತಿದ್ದುಪಡಿಯಂತೆ 1,000 ರೂಪಾಯಿ ದಂಡ.

ಎಳೆಗೂಸಿಗೆ ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿ ಕಟ್ಟುವ ಮಕ್ಕಳ ಸೀಟೇ ಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಅದನ್ನು ಕಟ್ಟಲೇಬೇಡಿ. ಮೊದಲ ನಾಲ್ಕು ದಿನ ಅಳು ಜಾಸ್ತಿ. ನಮ್ಮ ಮಾಣಿ ಮಿರ್ಜಾನ್ ಬರುವವರೆಗೂ ಅತ್ತಿದ್ದ. ಈಗ ಬೆಲ್ಟ್ ಹಾಕದೆ ಕಾರು ಹೊರಡಿಸಿದರೆ ಅವನೇ ಬೈಯುತ್ತಾನೆ.