ನನ್ನ ಮತ ಮನೆ ಹತ್ತಿರದ ಶಿಬಿರಕ್ಕೆ

ಓದುಗರ ಪತ್ರ:

"ನಾವು ಕೆಂಗೇರಿ ಉಪನಗರದಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಮಗನಿಗೆ ಐದೂವರೆ. ನಾನೂ ನಮ್ಮ ಯಜಮಾನರೂ ಕೆಲಸಕ್ಕೆ ಹೋಗುತ್ತೇವೆ. ಮನೆಯಲ್ಲಿ ಅತ್ತೆ ಇದ್ದಾರೆ, ಅವರಿಗೆ ಮಂಡಿನೋವು. ಬೇಸಿಗೆ ಶಿಬಿರದ ಎರಡು ಕರಪತ್ರ ಮುಂದಿಟ್ಟುಕೊಂಡು ಕೂತಿದ್ದೇನೆ. ಒಂದು ಜಯನಗರದ್ದು. ರೊಬಾಟಿಕ್ಸ್, ಅಬಾಕಸ್, ವ್ಯಕ್ತಿತ್ವ ವಿಕಸನ ಎಲ್ಲ ಇದೆ. ಐದು ವಾರ, ಬೆಳಿಗ್ಗೆ 9ರಿಂದ ಸಂಜೆ 4, ವ್ಯಾನ್ ಬರುತ್ತದೆ, ಒಂದು ಮಗುವಿಗೆ 18,000 ರೂಪಾಯಿ. ಇನ್ನೊಂದು ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಶಾಲೆಯೊಂದರಲ್ಲಿ ರಂಗತಂಡದವರು ನಡೆಸುವ ಶಿಬಿರ. ಮೂರು ವಾರ, 9.30ರಿಂದ 1 ಗಂಟೆ, 4,500 ರೂಪಾಯಿ. ಪಕ್ಕದ ಮನೆಯ ಹುಡುಗ ಮೂರು ಶಿಬಿರಕ್ಕೆ ಹೋಗುತ್ತಿದ್ದಾನೆ. ನಮ್ಮವಳು ಹಿಂದೆ ಬೀಳುತ್ತಾಳಾ ಅನ್ನೋ ಭಯ. ಅತ್ತೆ, ನಾನಿರುವಾಗ ದುಡ್ಡು ಯಾಕೆ ದಂಡ ಅನ್ನುತ್ತಾರೆ. ನಮ್ಮ ಮನೆಗೆಲಸಕ್ಕೆ ಬರುವವರಿಗೂ ಎಂಟು ವರ್ಷದ ಮಗಳಿದ್ದಾಳೆ, ರಜೆಯಲ್ಲಿ ತಾಯಿಯ ಜೊತೆ ಮನೆಮನೆಗೆ ಬರುತ್ತಾಳೆ. ಅವಳಿಗೂ ಏನಾದರೂ ದಾರಿ ಇದೆಯಾ?"

ಸಂಪಾದಕರ ಉತ್ತರ:

ಆತ್ಮೀಯರೇ,

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಚೇರಿಗೆ ಇಂಥ ಪತ್ರಗಳು ಶುರುವಾಗುತ್ತವೆ. ನೀವು ಮನೆಯ ಪರಿಸ್ಥಿತಿಯನ್ನೆಲ್ಲ ಬಿಡಿಸಿ ಬರೆದಿರುವುದರಿಂದ ನಾನೂ ಸುತ್ತಿ ಬಳಸದೆ ಹೇಳುತ್ತೇನೆ. ಎರಡು ರಸ್ತೆ ಆಚೆಯ ಶಿಬಿರಕ್ಕೇ ಸೇರಿಸಿ. ಸೇರಿಸುವ ಮೊದಲು ನೋಡಬೇಕಾದ ಕೆಲವು ವಿಷಯ ಇವೆ, ಅವನ್ನೂ ಹೇಳುತ್ತೇನೆ.

ಉಪನಗರದ ಮಕ್ಕಳ ಬದುಕು ಹೇಗಿದೆ ನೋಡಿ. ಒಂದೇ ರಸ್ತೆಯ ಮಕ್ಕಳು ನಾಲ್ಕಾರು ಶಾಲೆಗಳಿಗೆ ಹಂಚಿಹೋಗಿರುತ್ತಾರೆ. ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಸ್ಸು, ಸಂಜೆ ಬಂದರೆ ಟ್ಯೂಷನ್ನು. ಗೆಳೆಯರು ಅಂತ ಇರುವವರೆಲ್ಲ ಶಾಲೆಯವರು, ಅವರ ಮನೆ ನಾಗರಬಾವಿಯಲ್ಲೋ ಉತ್ತರಹಳ್ಳಿಯಲ್ಲೋ ಇರುತ್ತದೆ. ರಜೆ ಬಿಟ್ಟ ಮರುದಿನವೇ ಮಗು ಒಂಟಿಯಾಗುತ್ತದೆ, ಕೈಗೆ ಮೊಬೈಲು ಬರುತ್ತದೆ. "ನಮ್ಮ ರಸ್ತೇಲಿ ಮಕ್ಕಳೇ ಇಲ್ಲ" ಎನ್ನುವ ತಾಯಂದಿರ ಮಾತು ನಾನು ಬಹಳ ಕೇಳಿದ್ದೇನೆ. ಮಕ್ಕಳು ಇದ್ದೇ ಇರುತ್ತಾರೆ, ಒಬ್ಬರಿಗೊಬ್ಬರ ಗುರುತಿರುವುದಿಲ್ಲ ಅಷ್ಟೆ. ಮನೆ ಹತ್ತಿರದ ಶಿಬಿರದಲ್ಲಿ ಮೂರು ವಾರ ಒಟ್ಟಿಗೆ ಕುಣಿದು, ಜಗಳವಾಡಿ, ರಾಜಿಯಾದ ಮಕ್ಕಳು ಜೂನ್‌ನಲ್ಲೂ ಅಲ್ಲೇ ಇರುತ್ತಾರೆ, ದಸರಾ ರಜೆಗೂ ಅಲ್ಲೇ ಇರುತ್ತಾರೆ. ಜಯನಗರದಲ್ಲಿ ಸಿಕ್ಕ ಗೆಳತಿಯನ್ನು ಮತ್ತೆ ನೋಡಬೇಕೆಂದರೆ ನೀವು ಭಾನುವಾರ ಬಿಡುವು ಮಾಡಿಕೊಂಡು ಕರೆದುಕೊಂಡು ಹೋಗಬೇಕು. ಶಿಬಿರದಲ್ಲಿ ಕಲಿತದ್ದು ಮರೆತರೂ ಮರೆಯಲಿ, ಬೀದಿಯಲ್ಲಿ ನಾಲ್ಕು ಜನ ಹೆಸರು ಹಿಡಿದು ಕೂಗುವವರು ಆದರೆ ಹಾಕಿದ ದುಡ್ಡು ಸಾರ್ಥಕ ಎಂದೇ ನನ್ನ ನಂಬಿಕೆ.

ಇನ್ನು ದೂರದ ಲೆಕ್ಕ. ನಿಮ್ಮಲ್ಲಿಂದ ಜಯನಗರಕ್ಕೆ ಹೆಚ್ಚುಕಡಿಮೆ 15 ಕಿ.ಮೀ. ವ್ಯಾನ್ ನೇರ ಹೋಗುವುದಿಲ್ಲ, ಹತ್ತು ಕಡೆ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. 9ಕ್ಕೆ ಅಲ್ಲಿರಬೇಕಾದರೆ 7.30ಕ್ಕೆ ಮಕ್ಕಳು ತಿಂಡಿ ತಿಂದು ಗೇಟಿನ ಹತ್ತಿರ ನಿಂತಿರಬೇಕು. ಸಂಜೆ 4ಕ್ಕೆ ಬಿಟ್ಟರೆ, ಮೇ ತಿಂಗಳಲ್ಲಿ ಗುಡುಗು ಮಳೆ ಶುರುವಾಗುವುದೂ ಆ ಹೊತ್ತಿಗೇ. ಮಳೆ ಬಿದ್ದ ದಿನ ಬೆಂಗಳೂರಿನ ರಸ್ತೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಶಾಲೆ ದಿನಕ್ಕಿಂತ ಉದ್ದದ ದಿನ ರಜೆಯಲ್ಲಿ ಯಾಕೆ? ಐದೂವರೆ ವರ್ಷದ ಮಗುವಿಗಂತೂ ಇದು ಬೇಡವೇ ಬೇಡ. ಯಾವುದೇ ಕಾರಣಕ್ಕೆ ವ್ಯಾನ್ ಒಪ್ಪಿಕೊಳ್ಳಬೇಕಾಗಿ ಬಂದರೆ ಹಳದಿ ಬೋರ್ಡ್ ಇದೆಯೇ, ಡ್ರೈವರ್ ಜೊತೆಗೆ ಮಕ್ಕಳನ್ನು ನೋಡಿಕೊಳ್ಳುವ ಇನ್ನೊಬ್ಬರು ಇರುತ್ತಾರೆಯೇ, ಎಷ್ಟು ಮಕ್ಕಳನ್ನು ಕೂರಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ ಆಮೇಲೆ ದುಡ್ಡು ಕಟ್ಟಿ.

ಮಗಳು ಹಿಂದೆ ಬೀಳುತ್ತಾಳಾ ಎಂದು ಕೇಳಿದ್ದೀರಿ. ಇಲ್ಲ. ಎಂಟು ವರ್ಷದ ಮಗು ಐದು ವಾರದಲ್ಲಿ ರೊಬಾಟಿಕ್ಸ್ ಕಲಿತು ಮುಂದೆ ಹೋಗುವುದೂ ಇಲ್ಲ, ಕಲಿಯದೆ ಹಿಂದೆ ಬೀಳುವುದೂ ಇಲ್ಲ. ಅಂಥ ಶಿಬಿರಗಳೆಲ್ಲ ಕೆಟ್ಟವು ಎನ್ನುತ್ತಿಲ್ಲ. ಒಂದು ಕಿಟ್ಟಿಗೆ ಎಷ್ಟು ಮಕ್ಕಳು, ಬಿಚ್ಚಿ ಮತ್ತೆ ಜೋಡಿಸಲು ಮಗುವಿಗೇ ಬಿಡುತ್ತಾರೋ ಅಥವಾ ಮೇಷ್ಟ್ರು ಮಾಡಿದ್ದನ್ನು ನೋಡಿ ಚಪ್ಪಾಳೆ ತಟ್ಟಬೇಕೋ ಎಂದು ಕೇಳಿದರೆ ಬಣ್ಣ ಗೊತ್ತಾಗುತ್ತದೆ.

ವಿಜ್ಞಾನ ತೋರಿಸಲು ದುಡ್ಡಿನ ಸಾಮಾನು ಬೇಕೇ ಬೇಕೆಂದೂ ಇಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಆಗಸ್ಟ್‌ನಲ್ಲಿ ಬಂದಾಗ ಮೋಡ ಕವಿದಿರುವುದೇ ಹೆಚ್ಚು. ಇನ್ನೊಂದು ಸಲ ಬರುವುದು ಏಪ್ರಿಲ್ 24ರ ಆಸುಪಾಸು, ಮಧ್ಯಾಹ್ನ 12.17ರ ಹೊತ್ತಿಗೆ, ಸರಿಯಾಗಿ ಶಿಬಿರಗಳು ನಡೆಯುವ ಕಾಲದಲ್ಲಿ. ಸ್ಟೀಲಿನ ಲೋಟವೊಂದನ್ನು ಅಂಗಳದಲ್ಲಿ ಬೋರಲು ಹಾಕಿ, ಸುತ್ತ ಮಕ್ಕಳನ್ನು ಕೂರಿಸಿ, ಹನ್ನೆರಡು ಗಂಟೆಯಿಂದ ಅದರ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಸುತ್ತಾ ಬಂದರೆ, ನೆರಳು ಕುಗ್ಗಿ ಕುಗ್ಗಿ ಲೋಟದ ಬುಡದೊಳಕ್ಕೆ ಸೇರಿಹೋಗುವುದು ಕಾಣುತ್ತದೆ. ಮಕ್ಕಳು ಎದ್ದು ನಿಂತು ತಮ್ಮ ನೆರಳನ್ನು ಕಾಲಬುಡದಲ್ಲಿ ಹುಡುಕತೊಡಗುತ್ತಾರೆ. ನಿಮ್ಮ ರಂಗತಂಡದವರಿಗೆ ಈ ದಿನದ ವಿಷಯ ಹೇಳಿ, ಖಂಡಿತ ಒಪ್ಪುತ್ತಾರೆ.

ಒಂದು ಎಚ್ಚರಿಕೆ. ವ್ಯಕ್ತಿತ್ವ ವಿಕಸನದ ಹೆಸರಿನಲ್ಲಿ "ಮಿಡ್‌ಬ್ರೈನ್ ಆಕ್ಟಿವೇಷನ್" ಎಂಬುದೇನಾದರೂ ಕರಪತ್ರದಲ್ಲಿ ಕಂಡರೆ ಆ ಕಡೆ ತಲೆ ಹಾಕಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಗು ಓದುತ್ತದೆ, ಬಣ್ಣ ಗುರುತಿಸುತ್ತದೆ ಎಂದು ಅವರು ಹೇಳುತ್ತಾರೆ. ಮೂಗಿನ ಪಕ್ಕದ ಸಂದಿಯಿಂದ ಮಕ್ಕಳು ಕೆಳಗೆ ನೋಡುತ್ತಿರುತ್ತಾರೆ, ಅಷ್ಟೇ ಅದರ ಗುಟ್ಟು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಬಹಿರಂಗವಾಗಿಯೇ ಬಯಲಿಗೆಳೆದಿದ್ದಾರೆ. ದುಡ್ಡು ಹೋಗುವುದಕ್ಕಿಂತ ದೊಡ್ಡ ನಷ್ಟವೆಂದರೆ, ದೊಡ್ಡವರನ್ನು ಖುಷಿಪಡಿಸಲು ಸುಳ್ಳು ಹೇಳುವುದನ್ನು ಮಗು ಅಲ್ಲಿ ಅಭ್ಯಾಸ ಮಾಡಿಕೊಳ್ಳುತ್ತದೆ.

ಈಗ ನಿಮ್ಮ ರಸ್ತೆಯ ಶಿಬಿರಕ್ಕೆ ಬರೋಣ. ರಂಗಶಿಬಿರಗಳ ವಿಷಯದಲ್ಲಿ ಕರ್ನಾಟಕ ಪುಣ್ಯ ಮಾಡಿದೆ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಮೈಸೂರಿನ ರಂಗಾಯಣ ಶುರುವಾಯಿತು, ಅಲ್ಲಿನ ಚಿನ್ನರ ಮೇಳ ಈಗ ಮೈಸೂರಿನ ಬೇಸಿಗೆಯ ಭಾಗವೇ ಆಗಿಹೋಗಿದೆ. ಇಂಥ ಕಡೆ ಪಳಗಿದವರು ಊರೂರಿಗೆ ಹೋಗಿ ಮಕ್ಕಳ ಶಿಬಿರ ಮಾಡುತ್ತಾರೆ. ನಿಮ್ಮ ಶಿಬಿರದ ಮೇಷ್ಟ್ರು ಎಲ್ಲಿ ಕಲಿತವರು, ಮಕ್ಕಳ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ, ಸಂತೋಷದಿಂದ ಹೇಳುತ್ತಾರೆ.

ಚೆನ್ನಾಗಿ ನಡೆಯುವ ಶಿಬಿರದ ಬೆಳಗು ನೋಡಲು ಎಷ್ಟು ಚೆಂದ. ಹಳೇ ಪೇಪರು ಚಿಕ್ಕಚಿಕ್ಕದಾಗಿ ಹರಿದು, ಮೈದಾ ಅಂಟಿನಲ್ಲಿ ಅದ್ದಿ, ಊದಿದ ಬಲೂನಿನ ಮೇಲೆ ಪದರಪದರವಾಗಿ ಹಚ್ಚುತ್ತಾರೆ. ಒಣಗಲು ಎರಡು ದಿನ ಬಿಸಿಲಲ್ಲಿ ಇಡಬೇಕು. ಮೂರನೇ ದಿನ ಬಲೂನು ಒಡೆದು, ಅರ್ಧಕ್ಕೆ ಕತ್ತರಿಸಿದರೆ ಎರಡು ಮುಖವಾಡ. ಒಂದು ನನಗೆ, ಒಂದು ನಿನಗೆ. ಆ ಎರಡು ದಿನ ಕಾಯುವುದಿದೆಯಲ್ಲ, ಒಣಗಿತಾ ಅಂತ ಗಳಿಗೆಗೊಮ್ಮೆ ಮುಟ್ಟಿ ನೋಡುವುದು, ಅದು ಈಗಿನ ಮಕ್ಕಳಿಗೆ ಬೇರೆಲ್ಲೂ ಸಿಗುವುದಿಲ್ಲ.

ಆದರೆ ಇಂಥ ಶಿಬಿರಗಳಲ್ಲೂ ಒಂದು ದೋಷ ನುಸುಳುತ್ತದೆ. ಕೊನೆಯ ದಿನದ ನಾಟಕವೇ ಎಲ್ಲಕ್ಕಿಂತ ದೊಡ್ಡದಾಗಿ, ಎರಡನೇ ವಾರದಿಂದ ಬರೀ ರಿಹರ್ಸಲ್ ನಡೆಯುತ್ತದೆ. ಗಟ್ಟಿ ದನಿಯ ನಾಲ್ಕು ಮಕ್ಕಳಿಗೆ ದೊಡ್ಡ ಪಾತ್ರ, ಉಳಿದವರು ಮರವೋ ಮೋಡವೋ ಆಗಿ ಮೂಲೆಯಲ್ಲಿ ತೂಕಡಿಸುತ್ತಾರೆ. ಆದ್ದರಿಂದ ಒಂದು ನಾಟಕದಲ್ಲಿ ಎಷ್ಟು ಮಕ್ಕಳು, ಪಾತ್ರ ಇಲ್ಲದ ಹೊತ್ತಿನಲ್ಲಿ ಅವರು ಏನು ಮಾಡುತ್ತಾರೆ ಎಂದು ವಿಚಾರಿಸಿ.

ಎಷ್ಟು ಮಕ್ಕಳಿಗೆ ನೋಡಿಕೊಳ್ಳುವವರು ಎಷ್ಟು ಜನ ಇರಬೇಕು ಎಂಬುದಕ್ಕೆ ಅಳತೆಗೋಲು ಬೇಕೆಂದರೆ, ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಗಲು ಶಿಬಿರಗಳಿಗೆ ಹಾಕಿಕೊಟ್ಟಿರುವುದು ಹೀಗಿದೆ: ಐದು ವರ್ಷದವರೆಗಿನ ಆರು ಮಕ್ಕಳಿಗೆ ಒಬ್ಬರು, ಆರರಿಂದ ಎಂಟು ವರ್ಷದ ಎಂಟು ಮಕ್ಕಳಿಗೆ ಒಬ್ಬರು, ಒಂಬತ್ತರಿಂದ ಹದಿನಾಲ್ಕು ವರ್ಷದ ಹತ್ತು ಮಕ್ಕಳಿಗೆ ಒಬ್ಬರು. ನಮ್ಮಲ್ಲಿ ಅಷ್ಟು ಸಿಗದಿರಬಹುದು. ಆದರೂ ನಲವತ್ತು ಮಕ್ಕಳಿಗೆ ಇಬ್ಬರೇ ಎಂದರೆ ಒಪ್ಪಬೇಡಿ. ನಿಮ್ಮ ಮಗನಿಗೆ ಮೂರೂವರೆ ಗಂಟೆಯೂ ಜಾಸ್ತಿಯಾಗಬಹುದು. ಚಿಕ್ಕವರ ಗುಂಪು ಬೇರೆ ಇದ್ದು, ಹನ್ನೊಂದೂವರೆಗೇ ಕಳಿಸುತ್ತಾರೆಂದರೆ ಮಾತ್ರ ಅವನನ್ನು ಸೇರಿಸಿ. ಇಲ್ಲದಿದ್ದರೆ ಈ ವರ್ಷ ಅಕ್ಕನನ್ನು ಬಿಡಲು ಕರೆತರಲು ಜೊತೆಗೆ ನಡೆದರೆ ಸಾಕು.

ಜಾಗ ನೋಡಲು ಮಧ್ಯಾಹ್ನ ಹೋಗಿ. ಬೆಳಿಗ್ಗೆ ಎಲ್ಲ ಕೋಣೆಯೂ ತಂಪಾಗಿಯೇ ಇರುತ್ತದೆ. 2016ರ ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಗಿತ್ತು, 2024ರಲ್ಲೂ ಅದೇ ತಿಂಗಳು 38 ದಾಟಿತು. ಶೀಟ್ ಮಾಡಿನ ಕೆಳಗೆ ಹನ್ನೆರಡೂವರೆಗೆ ಐದು ನಿಮಿಷ ನಿಂತು ನೋಡಿ. ಫ್ಯಾನ್ ಎಷ್ಟಿವೆ, ಕುಡಿಯುವ ನೀರು ಎಲ್ಲಿಂದ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯೇ, ಅಲ್ಲಿಗೆ ಮಗು ಒಂಟಿಯಾಗಿ ಹೋಗಬೇಕಾಗುತ್ತದೆಯೇ ಎಂದು ನೋಡಿ. ಗುಡುಗು ಬಂದರೆ ಮೈದಾನದಿಂದ ಮಕ್ಕಳನ್ನು ಎಲ್ಲಿಗೆ ಸೇರಿಸುತ್ತಾರೆ ಎಂದೂ ಕೇಳಿ. ಮರದಡಿಗೆ ಎಂಬ ಉತ್ತರ ಬಂದರೆ ಅಲ್ಲೇ ತಿದ್ದಿ.

ತಂದೆತಾಯಂದಿರು ಕೇಳಲು ಹಿಂಜರಿಯುವ ಮಾತೊಂದಿದೆ, ಅದನ್ನು ಬಿಡುವಂತಿಲ್ಲ. ಮಗುವಿನ ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭ ಬರದಂತೆ ಏನು ಏರ್ಪಾಡು ಮಾಡಿಕೊಂಡಿದ್ದಾರೆ? ಬಿಡುವಾಗ ಮಗುವನ್ನು ಯಾರ ಕೈಗೆ ಕೊಡುತ್ತಾರೆ, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆಯೇ? ಮಕ್ಕಳ ಫೋಟೋವನ್ನು ಪ್ರಚಾರಕ್ಕೆ ಬಳಸುವ ಮುಂಚೆ ಕೇಳುತ್ತಾರೆಯೇ? 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದೇ ಅಪರಾಧ. "ನಮ್ಮೊಳಗೇ ಸರಿಮಾಡಿಕೊಳ್ಳುತ್ತೇವೆ" ಎನ್ನುವ ಹಕ್ಕು ಯಾವ ಶಿಬಿರಕ್ಕೂ ಇಲ್ಲ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗಳಿಗೂ ಬಾಯಿಪಾಠ ಮಾಡಿಸಿ. ಯಾರೇ ಆಗಲಿ "ಅಮ್ಮನಿಗೆ ಹೇಳಬೇಡ" ಎಂದರೆ ಅದನ್ನೇ ಮೊದಲು ಬಂದು ಅಮ್ಮನಿಗೆ ಹೇಳಬೇಕು ಎಂದು ಅವಳಿಗೆ ಕಲಿಸಿ.

ನಿಮ್ಮ ಅತ್ತೆಯವರ ಮಾತನ್ನು ತೆಗೆದುಹಾಕಬೇಡಿ. ಇಡೀ ದಿನ ಇಬ್ಬರ ಹಿಂದೆ ಓಡಲು ಅವರ ಮಂಡಿ ಬಿಡುವುದಿಲ್ಲ. ಆದರೆ ಒಂದು ಗಂಟೆಗೆ ಮಕ್ಕಳು ಹಸಿದು ಬಂದು ಮೊಸರನ್ನ ತಿಂದಮೇಲೆ ಮಧ್ಯಾಹ್ನ ಪೂರ್ತಿ ಅವರದೇ. ನೆಲದ ಮೇಲೆ ಕೂರಲಾಗದಿದ್ದರೆ ಟೇಬಲ್ ಮೇಲೆಯೇ ಚೌಕಾಬಾರ ಬರೆದುಕೊಳ್ಳಲಿ, ಅಳಗುಳಿಮಣೆ ಇಡಲಿ. ಅವರ ಜೊತೆ ಕೂತು ಹೀಗೆ ಹೇಳಿದರೆ ದುಡ್ಡು ದಂಡ ಎನ್ನಲಾರರು.

ಉಳಿದ ದಿನಗಳಿಗೂ ಶಿಬಿರ ಹುಡುಕಬೇಡಿ. 2025ರಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ, ಸುಮಾರು ಏಳು ವಾರ ರಜೆ ಇತ್ತು. ಮೂರು ವಾರ ಶಿಬಿರಕ್ಕೆ ಹೋದರೆ ಉಳಿದದ್ದು ಮಗುವಿನದು. ಬೇಸರವಾಗುತ್ತದೆ ಎಂದು ಗೋಳಾಡಲಿ, ಆಮೇಲೆ ತಾನೇ ಏನಾದರೂ ಹುಡುಕಿಕೊಳ್ಳುತ್ತದೆ. ಶನಿವಾರ ನಿಮಗೆ ರಜೆಯಿದ್ದರೆ ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಬಾಲಭವನ ಇದೆ, 1962ರಲ್ಲಿ ಉದ್ಘಾಟನೆಯಾದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಇದೆ. ಯಂತ್ರಗಳ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡಲು ಮಕ್ಕಳಿಗೆ ಅಲ್ಲಿ ಯಾರೂ ಬೇಡ ಎನ್ನುವುದಿಲ್ಲ.

ದೂರ ಹೋದರೂ ಚಿಂತೆಯಿಲ್ಲ ಎಂದು ನಾನು ಹೇಳುವುದು ಈಜಿಗೆ ಮಾತ್ರ. ಜೀವ ಉಳಿಸುವ ವಿದ್ಯೆ ಅದು. ಮಗಳಿಗೆ ಮುಂದಿನ ವರ್ಷ ಅದೊಂದನ್ನೇ ಇಟ್ಟುಕೊಳ್ಳಿ. ಕಲಿಸುವವರಲ್ಲದೆ ಕಾಯುವುದಕ್ಕೇ ಒಬ್ಬ ಜೀವರಕ್ಷಕ ಇರುವ, ತಂದೆತಾಯಿ ಕೂತು ನೋಡಲು ಬಿಡುವ ಕೊಳವಾಗಿರಲಿ.

ಕೊನೆಗೆ ನೀವು ಕೇಳಿದ ಇನ್ನೊಬ್ಬ ಹುಡುಗಿಯ ವಿಷಯ. ಈ ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯಲು ಅದೇ ಮುಖ್ಯ ಕಾರಣ. ಊರಾಚೆಯ ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಈಗಿನ ಅರಿವು ಕೇಂದ್ರಗಳು, ಬೇಸಿಗೆಯಲ್ಲಿ ಮಕ್ಕಳನ್ನು ಸೇರಿಸಿ ಉಚಿತವಾಗಿ ಓದಿಸುತ್ತವೆ, ಆಡಿಸುತ್ತವೆ. ನಿಮ್ಮ ಬಡಾವಣೆಯಲ್ಲಿ ರಂಗತಂಡದವರನ್ನೇ ಕೇಳಿ. ನನಗೆ ಗೊತ್ತಿರುವ ಮಟ್ಟಿಗೆ ನಾಟಕದವರು ಇಂಥ ಮಾತಿಗೆ ಇಲ್ಲ ಎನ್ನುವುದು ಕಡಿಮೆ, ಅರ್ಧ ಶುಲ್ಕಕ್ಕಾದರೂ ಒಪ್ಪುತ್ತಾರೆ. ಉಳಿದರ್ಧ ನಿಮ್ಮ ಕೈಲಾದರೆ ಕಟ್ಟಿ, ಇಲ್ಲವೇ ರಸ್ತೆಯ ಇನ್ನಿಬ್ಬರನ್ನು ಕೇಳಿ. ಮೊದಲು ಅವಳ ತಾಯಿಯ ಹತ್ತಿರ ಮಾತಾಡಿ, ಉಪಕಾರ ಮಾಡುತ್ತಿದ್ದೇವೆ ಅನ್ನಿಸದ ಹಾಗೆ. ಇಬ್ಬರದೂ ಒಂದೇ ವಯಸ್ಸು, ಒಂದೇ ಗುಂಪಿಗೆ ಬರುತ್ತಾರೆ. ಹೆಸರು ಬರೆಸಲು ಹೋಗುವ ದಿನ ಇಬ್ಬರನ್ನೂ ಜೊತೆಗೇ ಕರೆದುಕೊಂಡು ಹೋಗಿ.

ಸಂಪಾದಕ