ಟ್ರ್ಯಾಕಿಗೆ ಯಾವ ಬ್ರೇಕ್ ಆಯಿಲ್?

ಪ್ರಶ್ನೆ: ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಓಡಿಸುವ ದಿನ) ಹೊರಟಿದ್ದೇನೆ. ನನ್ನ ಪೋಲೋ ಕಾರಿನಲ್ಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಇದೆ. ಡಾಟ್ 5 ಹಾಕಿಸಿದರೆ ಇನ್ನೂ ಒಳ್ಳೆಯದಲ್ವಾ?
– ಓದುಗರೊಬ್ಬರು, ಚಿಂಚವಾಡ, ಪುಣೆ

ಉತ್ತರ: ಖಂಡಿತ ಬೇಡ. ಡಾಟ್ 5 ಸಿಲಿಕೋನ್ ಆಯಿಲ್. ನಿಮ್ಮ ಗಾಡಿಯ ಡಾಟ್ 4 ಗ್ಲೈಕಾಲ್ ಆಯಿಲ್, ಅದರ ಜೊತೆ ಅದು ಬೆರೆಯುವುದಿಲ್ಲ. ನಂಬರ್ ದೊಡ್ಡದು ಅಂತ ಸುಮ್ನೆ ಕೊಳ್ಳಬೇಡಿ.

ನೋಡಬೇಕಾದದ್ದು ಆಯಿಲ್ ಎಷ್ಟು ಬಿಸಿಗೆ ಕುದಿಯುತ್ತದೆ ಅಂತ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು. ಆದರೆ ಅದು ಗಾಳಿಯ ತೇವ ಹೀರುತ್ತದೆ. ಶೇ 3.7ರಷ್ಟು ನೀರು ಸೇರಿದಾಗ ಕಡ್ಡಾಯ ಕನಿಷ್ಠ ಮಿತಿ ಬರೀ 155 ಡಿಗ್ರಿ. ನಮ್ಮ ಪುಣೆಯ ಮಳೆಗಾಲಗಳನ್ನು ಕಂಡ ಹಳೆ ಆಯಿಲ್ ಇಟ್ಟುಕೊಂಡು ಟ್ರ್ಯಾಕಿಗೆ ಇಳಿಯಲೇಬೇಡಿ, ಇದು ನನ್ನ ಕಳಕಳಿಯ ಮಾತು. ಕ್ಯಾಲಿಪರ್ (ಚಕ್ರದ ಬಳಿ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗೆ ಆಯಿಲ್ ಕುದ್ದರೆ ಆವಿಯ ಗುಳ್ಳೆ ಏಳುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ಮೋಟುಲ್ ಆರ್‌ಬಿಎಫ್ 600 ಅನ್ನುವ ರೇಸಿಂಗ್ ಬ್ರೇಕ್ ಆಯಿಲ್ ಸಾಕು. ಹೊಸದಾಗಿದ್ದಾಗ 300 ಡಿಗ್ರಿಗೂ ಜಾಸ್ತಿ ತಡೆಯುತ್ತದೆ. ಡಾಟ್ 4 ಗಾಡಿಗೆ ಹೊಂದುತ್ತದೆ. ಸೀಲ್ ಒಡೆಯದ ಡಬ್ಬಿಯನ್ನೇ ತನ್ನಿ. ಹಳೆಯದನ್ನು ಪೂರ್ತಿ ತೆಗೆಸಿ. ಬ್ಲೀಡ್ ಮಾಡುವಾಗ (ಹಳೆ ಆಯಿಲ್, ಗಾಳಿ ಹೊರಹಾಕುವಾಗ) ಪಾರದರ್ಶಕ ಪೈಪಿನಲ್ಲಿ ಗುಳ್ಳೆ ನಿಂತು, ತಿಳಿಯಾದ ಹೊಸ ಆಯಿಲ್ ಬರುವವರೆಗೆ ಹತ್ತಿರವೇ ನಿಂತು ನೋಡಿ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಇನ್ನೊಂದು ಮಾತು: ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಆಯಿಲ್ ಬದಲಿಸಿ ಉಪಯೋಗವಿಲ್ಲ. ಕಾದು ಹಿಡಿತ ಕಳೆದುಕೊಂಡಿರುವುದು ಬಹುತೇಕ ಪ್ಯಾಡ್. ಹೊರಡುವ ಮೊದಲು ಅದನ್ನೂ ತೋರಿಸಿ.