ಶಿರಾದ ಅಣ್ಣನ ಪ್ರಶ್ನೆಗೆ: ಪಿಯುಸಿ ಮುಗಿಸಿದ ತಮ್ಮ ಮೊದಲು ಏನು ಕಲಿಯಲಿ?

ಅಣ್ಣ, ತಮ್ಮ ಪಿಯುಸಿ ಮುಗಿಸಿದ್ದಾನೆ, ಫ್ಯಾಕ್ಟರಿಗೆ ಹೋಗೋಕೆ ಮನಸ್ಸಿಲ್ಲ, ತೋಟದಲ್ಲೋ ಕಾಡಿನ ಕೆಲಸದಲ್ಲೋ ಬದುಕು ಕಟ್ಟಿಕೊಳ್ಳಬೇಕು ಅಂತಾನೆ, ಯಾವ ತರಬೇತಿಗೆ ಸೇರಿಸಲಿ ಅಂತ ಕೇಳಿದ್ದೀರಿ. ಮೊದಲು ನರ್ಸರಿ ಕೆಲಸ ಕಲಿಯಲಿ. ಕಸಿ ಕಟ್ಟೋಕೆ, ಕಾಡುಗಿಡದ ಬೀಜ ಮೊಳೆಸೋಕೆ ಬಂದರೆ ಮಾವಿನ ತೋಟಕ್ಕೂ ಬೇಕಾಗ್ತಾನೆ, ಅರಣ್ಯ ಸಸಿ ಬೆಳೆಸೋರಿಗೂ ಬೇಕಾಗ್ತಾನೆ. ಸರ್ಟಿಫಿಕೇಟ್ ಆಮೇಲೆ ಬರಲಿ.

ಶುರು ಮಾಡೋಕೆ ಹಲಸು, ಮಾವು ಒಳ್ಳೇದು. ಹಲಸಿನ ಬೀಜ ಒಣಗಿದರೆ ಮೊಳೆಯೋದಿಲ್ಲ, ಹಣ್ಣು ಬಿಡಿಸಿದ ವಾರದೊಳಗೆ ಮಣ್ಣು ತುಂಬಿದ ಸಸಿ ಚೀಲಕ್ಕೆ ಬೀಳಬೇಕು. ಚೀಲಕ್ಕೆ ತುಂಬೋದು ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಸಸಿ ಪೆನ್ಸಿಲ್ ದಪ್ಪ ಆದ ಮೇಲೆ ಮಳೆಗಾಲದ ತೇವ ನೋಡಿಕೊಂಡು ಮೃದುಕಾಂಡ ಕಸಿ, ಅಂದರೆ ಸಸಿಯ ಎಳೆ ಕಾಂಡಕ್ಕೆ ಒಳ್ಳೇ ಮರದ ಕಡ್ಡಿ ಕೂಡಿಸೋ ಕಸಿ, ಮಾಡಬೇಕು. ಆ ಕಸಿಕಡ್ಡಿ ಮೂರು-ನಾಲ್ಕು ತಿಂಗಳ ಚಿಗುರಿನದಾಗಿರಬೇಕು, ಸಸಿಯಷ್ಟೇ ದಪ್ಪ, 10–15 ಸೆಂ.ಮೀ. ಉದ್ದ. ಕಡ್ಡಿ ಕತ್ತರಿಸೋ 7–10 ದಿನ ಮೊದಲೇ ಮರದ ಮೇಲೆ ಎಲೆ ತೆಗೆದು ತೊಟ್ಟು ಮಾತ್ರ ಬಿಡಬೇಕು. ಮುಟ್ಟಿದರೆ ತೊಟ್ಟು ಉದುರಬೇಕು, ತುದಿಮೊಗ್ಗು ಉಬ್ಬಿರಬೇಕು, ಆಗ ಕಡ್ಡಿ ತಯಾರು. ಈ ಒಂದು ಹೆಜ್ಜೆ ಬಿಟ್ಟು ಕಸಿ ಕಳಕೊಳ್ಳೋರು ಬಹಳ.

ಸಸಿಯ ತಲೆ ಕತ್ತರಿಸಿ ನಡುವೆ 3–4 ಸೆಂ.ಮೀ. ಸೀಳಬೇಕು. ಕಡ್ಡಿಯ ಬುಡವನ್ನು ಎರಡೂ ಬದಿ ಒಂದೇ ಎಳೆತಕ್ಕೆ ಬೆಣೆಯಂತೆ ಕೆತ್ತಬೇಕು. ನಾಲ್ಕು ಸಲ ಕೆತ್ತಿದರೆ ಮೈ ಅಂಕುಡೊಂಕಾಗಿ ಒಳಗೆ ಗಾಳಿ ಉಳಿಯುತ್ತೆ. ದಪ್ಪ ಹೊಂದದಿದ್ದರೆ ಒಂದು ಬದಿಯ ತೊಗಟೆಗಾದರೂ ತೊಗಟೆ ಕೂಡಲೇಬೇಕು. ಹಲಸಿನ ಹಾಲು ಒರೆಸಿ ಕೂಡಿಸಿ. ಪಾಲಿಥೀನ್ ಪಟ್ಟಿಯನ್ನು ಕೆಳಗಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದಿಸಿದ ಹಾಗೆ, ಆಗ ನೀರು ಗಾಯಕ್ಕೆ ಇಳಿಯೋದಿಲ್ಲ. ಮೇಲೆ ಐಸ್ ಕ್ಯಾಂಡಿ ಕವರ್ ತೊಡಿಸಿ ನೆರಳಲ್ಲಿಡಿ. ಮೂರ್ನಾಲ್ಕು ವಾರಕ್ಕೆ ಚಿಗುರು ಕಂಡಾಗ ಕವರ್ ಸಂಜೆ ತೆಗೀರಿ, ಮಟಮಟ ಮಧ್ಯಾಹ್ನ ತೆಗೆದರೆ ಎಳೆಚಿಗುರು ಬಾಡುತ್ತೆ. ಕಸಿಯ ಕೆಳಗೆ ಬರೋ ಚಿಗುರನ್ನು ಬಿಡದೆ ಚಿವುಟಬೇಕು. ಎರಡು-ಮೂರು ತಿಂಗಳಿಗೆ ಪಟ್ಟಿ ಸೀಳದಿದ್ದರೆ ಕಾಂಡ ಬಿಗಿದು ಅಲ್ಲಿ ಕೊರಳಿನ ಹಾಗೆ ಸಣ್ಣಗಾಗುತ್ತೆ.

ಕಾಡುಗಿಡದಲ್ಲಿ ಬೀಜದ ಆಯುಸ್ಸು ಗೊತ್ತಿರಬೇಕು. ಬೇವಿನ ಬೀಜಕ್ಕೆ ಕೆಲವೇ ವಾರ, ತಿರುಳು ತೊಳೆದು ನೆರಳಲ್ಲಿ ಆರಿಸಿ ಕೂಡಲೇ ಬಿತ್ತಬೇಕು. ಹೊಂಗೆ ತಿಂಗಳುಗಟ್ಟಲೆ ಕಾಯುತ್ತೆ. ಹುಣಸೆ ಬೀಜ ರಾತ್ರಿಯಿಡೀ ನೆನೆಸಿ. ನಿಮ್ಮ ಬುಕ್ಕಾಪಟ್ಟಣದ ಕಡೆ ಇರೋ ಕಮರ ಮರದ ತಾಯಿಬೇರು ಆಳಕ್ಕೆ ಓಡುತ್ತೆ, ಉದ್ದನೆಯ ಚೀಲ ಬೇಕು. ಚೀಲಗಳನ್ನು ಆಗಾಗ ಜಾಗ ಬದಲಿಸದಿದ್ದರೆ ಬೇರು ನೆಲ ಹಿಡಿದು, ಎತ್ತುವಾಗ ಕಿತ್ತುಹೋಗುತ್ತೆ.

ನೆಡಬಾರದ ಜಾಗವನ್ನೂ ಕಲಿಯಲಿ. ಮಧುಗಿರಿ ತಾಲೂಕಿನ ಮೈದನಹಳ್ಳಿ ಹತ್ತಿರದ ಜಯಮಂಗಲಿ ಸಂರಕ್ಷಿತ ಪ್ರದೇಶದಲ್ಲಿ ಕೃಷ್ಣಮೃಗಕ್ಕೆ ಬೇಕಾದ್ದು ಬಯಲ ಹುಲ್ಲು. ಅಲ್ಲಿ ಸಸಿ ನಾಟಿ ಮಾಡಿ ಕಾಡು ಬೆಳೆಸಿದರೆ ಆ ಪ್ರಾಣಿಗೇ ಕೇಡು.

ಕಲಿಯೋಕೆ ಹತ್ತಿರ ಇರೋದು ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರ ತೋಟಗಾರಿಕಾ ಪ್ರಯೋಗ ಕೇಂದ್ರ, ಹಲಸು-ಮಾವಿಗೆ ಹೇಳಿ ಮಾಡಿಸಿದ ಜಾಗ. ಚೇಳೂರಿನ ‘ಸಿದ್ದು’ ಅನ್ನೋ ಹಲಸಿನ ತಳಿಯನ್ನು ಗುರುತಿಸಿ ಬೆಳಕಿಗೆ ತಂದವರು ಅಲ್ಲಿಯವರೇ. ತಿಪಟೂರಿನ ಕೊನೇಹಳ್ಳಿ, ಕೋಲಾರದ ಟಮಕ, ಚಿಂತಾಮಣಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಯುವಕರಿಗೆ ತರಬೇತಿ ಇರುತ್ತೆ. ಬ್ಯಾಂಕುಗಳು ನಡೆಸೋ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ-ವಸತಿ ಸಮೇತ ಉಚಿತ, 18 ವರ್ಷ ತುಂಬಿರಬೇಕು. ಪಿಯುಸಿ ಇರೋದರಿಂದ ಅರಣ್ಯ ಇಲಾಖೆಯ ಗಸ್ತು ಅರಣ್ಯ ಪಾಲಕ ಹುದ್ದೆ ಕರೆದಾಗಲೂ ಅರ್ಜಿ ಹಾಕಲಿ, ಓಟದ ಅಭ್ಯಾಸ ಈಗಲೇ ಶುರುವಾಗಲಿ.

ಸದ್ಯಕ್ಕೆ ಒಂದು ಕಸಿ ಚಾಕು, ಒಂದು ಸಾಣೆಕಲ್ಲು ಕೊಡಿಸಿ. ಮೊದಲ ವಾರ ಹೊಂಗೆ ಕಡ್ಡಿಯಲ್ಲಿ ದಿನಕ್ಕೆ ಐವತ್ತು ಬೆಣೆ ಕೆತ್ತಲಿ. ಕೆತ್ತಿದ ಎರಡೂ ಮುಖ ಕನ್ನಡಿಯಂತೆ ನಯವಾಗಿ ಬಂದ ಮೇಲೆ ಹಲಸಿನ ಸಸಿ ಮುಟ್ಟಲಿ.